ಹದಿನಾರನೇ ದಿನದ ನೀರು

ಕೇರಳದ ಪಟ್ಟಾಂಬಿಯ ಸುತ್ತಮುತ್ತ ಹೆರಿಗೆಯಾದ ಮನೆಗಳಲ್ಲಿ ಕುಂಞಿಮಾಳುವಿನ ಕೈಯ ಬಗ್ಗೆ ಮಾತಾಡದವರಿಲ್ಲ. ಕುದಿಯುವ ಗಂಜಿ ಪಾತ್ರೆಯನ್ನು ಅರಿವೆ ಹಿಡಿಯದೆ ಇಳಿಸುತ್ತಾಳೆ ಎಂದು ಒಬ್ಬರು ಹೇಳಿದರೆ, ಕೆಂಡವನ್ನು ಬೆರಳಲ್ಲೇ ಎತ್ತಿ ಪಕ್ಕದ ಒಲೆಗೆ ಹಾಕುತ್ತಾಳೆ ಎಂದು ಇನ್ನೊಬ್ಬರು. "ಉಕ್ಕಿನ ಕೈ ಕಣೇ ಅದು!" ಎಂದು ಹೆಂಗಸರು ಕಣ್ಣರಳಿಸುತ್ತಾರೆ. ನಲವತ್ತು ವರ್ಷದಿಂದ ಬಾಣಂತಿಯರ ಮೈ ತಿಕ್ಕಿ, ನೀರು ಹಾಕಿ, ಸೊಂಟ ಬಿಗಿದು ಎಬ್ಬಿಸಿ ನಿಲ್ಲಿಸಿದ ಕೈ ತಾನೇ? ಹೊಗಳಿಕೆ ಕೇಳಿದಾಗಲೆಲ್ಲ ಮಾಳು ಹೆಗಲ ಮೇಲಿನ ಟವೆಲನ್ನು ಸರಿ ಮಾಡಿಕೊಂಡು ನಗುತ್ತಿದ್ದಳು. ನಗದೆ ಇನ್ನೇನು ಮಾಡಿಯಾಳು? ಅದು ಉಕ್ಕೂ ಅಲ್ಲ, ಗಿಕ್ಕೂ ಅಲ್ಲ. ಆ ಕೈಗೆ ಬಿಸಿ ತಂಪು ಗೊತ್ತಾಗುವುದು ನಿಂತುಹೋಗಿ ಎರಡು ವರ್ಷವಾಗಿತ್ತು. ಅದು ಅವಳೊಬ್ಬಳಿಗೆ ಗೊತ್ತಿತ್ತು, ಮತ್ತೆ ಆರೋಗ್ಯ ಕೇಂದ್ರದ ಒಬ್ಬ ಡಾಕ್ಟರ್ ಹುಡುಗಿಗೆ.

ಆ ಹುಡುಗಿ ಮಾಳುವಿನ ಕಣ್ಣು ಮುಚ್ಚಿಸಿ, "ಚುಚ್ಚಿದಾಗ ಹೇಳಿ ಅಮ್ಮ" ಅಂದಿದ್ದಳು. ಮಾಳು ಕಾದಳು, ಕಾದಳು. "ಚುಚ್ಚು ಮಗಳೇ, ಎಷ್ಟೊತ್ತು?" ಎಂದು ಕಣ್ಣು ತೆರೆದರೆ ಬೆರಳ ತುದಿಯಲ್ಲಿ ಮೂರು ಕಡೆ ರಕ್ತದ ಚುಕ್ಕೆ.

"ಸಕ್ಕರೆ ಕಾಯಿಲೆ ನರಕ್ಕೆ ಹೋಗಿದೆ. ಬಿಸಿ ಮುಟ್ಟೋವಾಗ ಹುಷಾರಾಗಿರ್ಬೇಕು. ಕೆಲಸ ಏನು ಮಾಡ್ತೀರಿ?"

"ಏನಿಲ್ಲ, ಮನೇಲೇ ಇರ್ತೀನಿ."

ಮೊದಲ ಸುಳ್ಳು ಅಲ್ಲೇ ಹುಟ್ಟಿತು. ಹಾಗಂತ ಮಾಳು ದುಷ್ಟಳೇನಲ್ಲ, ದಡ್ಡಿಯೂ ಅಲ್ಲ. ಬೆರಳು ಸತ್ತರೂ ಮೊಣಕೈ ಬದುಕಿತ್ತು. ಯಾರೂ ಇಲ್ಲದಾಗ ಹಂಡೆಯ ಮೇಲೆ ಬಗ್ಗಿ, ಮೊಣಕೈ ಅದ್ದಿ, ನೀರಿನ ಹದ ನೋಡಿಕೊಳ್ಳುತ್ತಿದ್ದಳು. ಯಾರಾದರೂ ನೋಡುತ್ತಿದ್ದರೆ ಮಾತ್ರ ಬೆರಳು. ಯಾಕೆಂದರೆ ಮೊಣಕೈ ಅದ್ದುವುದು ಮಗುವಿನ ನೀರಿಗೆ. ಬಾಣಂತಿಯ ನೀರಿಗೂ ಮೊಣಕೈ ಅದ್ದುವವಳು ಇನ್ನೂ ಕಲಿಯುತ್ತಿರುವವಳು ಅಂತ ಲೆಕ್ಕ. "ಏನಮ್ಮಾ, ಹಂಡೆಯೊಳಗೆ ಇಳಿದೇ ನೋಡ್ತೀಯೇನು?" ಎಂದು ಹೊಸಬರನ್ನು ಹಂಗಿಸಿ ಅಳಿಸಿದವಳೇ ಅವಳು. ಈಗ ಅದೇ ಮಾತು ತನ್ನ ಮುಖಕ್ಕೆ ಬಂದರೆ? ಅಷ್ಟೇ, ಅದೊಂದೇ ಭಯ.

ವಿಲಾಸಿನಿ ಟೀಚರ ಮನೆಗೆ ಅವಳು ಹೊಸಬಳಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಟೀಚರು ಮಗಳು ಶಿಮ್ನಾಳನ್ನು ಹೆತ್ತಾಗ ಇದೇ ಬಚ್ಚಲಲ್ಲಿ ತಾಯಿಗೂ ಮಗುವಿಗೂ ನೀರು ಹಾಕಿದ್ದಳು. ಈಗ ಆ ಶಿಮ್ನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಟೀಚರು ಮಗಳ ಏಳನೇ ತಿಂಗಳಲ್ಲೇ ಬಂದು ಮಾಳುವಿನ ಕೈ ಹಿಡಿದುಕೊಂಡು ಹೇಳಿದ್ದರು: "ಬೇರೆ ಯಾರೂ ಬೇಡ. ನಲವತ್ತು ದಿನ ನೀವೇ ಇರ್ಬೇಕು. ನನ್ನ ಸೊಂಟ ಇವತ್ತಿಗೂ ಗಟ್ಟಿ ಇದೆ ಅಂದ್ರೆ ಅದು ಈ ಕೈಯಿಂದ." ಬೇಡ ಅನ್ನಲು ಅದೇ ಸರಿಯಾದ ಹೊತ್ತಾಗಿತ್ತು. ಮಾಳು ಅನ್ನಲಿಲ್ಲ.

ಹದಿನೈದು ದಿನ ಎಲ್ಲ ಚೆನ್ನಾಗೇ ನಡೆಯಿತು. ಬೆಳಿಗ್ಗೆ ಮೆಂತ್ಯದ ಗಂಜಿ, ಹೊತ್ತೇರಿದ ಮೇಲೆ ಕಷಾಯ, ಊಟವಾದ ಮೇಲೆ ಸಣ್ಣ ಈರುಳ್ಳಿಯ ಲೇಹ್ಯ ನೆಲ್ಲಿಕಾಯಿ ಗಾತ್ರ. ಲೇಹ್ಯವನ್ನು ಮಾಳುವೇ ತೆಂಗಿನ ಹಾಲು ಬೆಲ್ಲ ಹಾಕಿ ಅರ್ಧ ದಿನ ಕೂತು ಮಗುಚಿದ್ದಳು. ಶಿಮ್ನಾ ಮೂಗು ಮುಚ್ಚಿಕೊಂಡು ನುಂಗಿ, "ಮಾಳುವಮ್ಮ, ಇದನ್ನ ತಿಂದ್ರೆ ನನ್ನ ಗಂಡ ಮೂರು ತಿಂಗಳು ಹತ್ರ ಬರಲ್ಲ" ಅನ್ನುತ್ತಿದ್ದಳು. "ಅದಕ್ಕೇ ಕೊಡೋದು!" ಎಂದು ಮಾಳು ಮಾರುತ್ತರ ಕೊಟ್ಟರೆ ಅಡುಗೆಮನೆಯಿಂದ ಟೀಚರೂ ನಗುತ್ತಿದ್ದರು. ಬಾಣಂತಿಯ ಸ್ನಾನದ ಎಲೆನೀರನ್ನು ಹಿಂದಿನ ದಿನವೇ ಕುದಿಸಿಡುವುದು ಮಾಳುವಿನ ಕ್ರಮ. ಆಲ, ಅರಳಿ, ಅತ್ತಿ, ಬಸರಿ, ಈ ನಾಲ್ಕರ ತೊಗಟೆ. ಮೇಲೆ ಹುಣಸೆ, ಹಲಸು, ಹರಳು, ಲಕ್ಕಿಯ ಎಲೆ. ಮರುದಿನ ಮತ್ತೆ ಕಾಯಿಸಿದರೆ ನೀರು ಚಹಾದ ಬಣ್ಣಕ್ಕೆ ಬರುತ್ತದೆ, ಬಚ್ಚಲೆಲ್ಲ ಘಮ್ಮೆನ್ನುತ್ತದೆ. ಟೀಚರು ಮಗುವನ್ನು ನೋಡಿಕೊಳ್ಳುತ್ತಿದ್ದರಿಂದ ಆ ಹೊತ್ತಿಗೆ ಬಚ್ಚಲಲ್ಲಿ ಮಾಳು ಮತ್ತು ಶಿಮ್ನಾ ಇಬ್ಬರೇ. ಶಿಮ್ನಾ ಬೆನ್ನು ತಿರುಗಿಸಿ ಕೂತ ಮೇಲೆ ಮೊಣಕೈ ಅದ್ದಲು ಏನು ಕಷ್ಟ?

ಹದಿನಾರನೇ ದಿನ ಕಮಲಾಕ್ಷಿ ಬಂದಳು. ಆಚೆ ಬೀದಿಯವಳು, ಟೀಚರ ಗೆಳತಿ. ಸೊಸೆಗೆ ಎಂಟನೇ ತಿಂಗಳು. ಮಗುವನ್ನು ನೋಡುವ ನೆಪ, ಮಾಳುವಿನ ಕೈ ನೋಡುವುದೇ ಮುಖ್ಯ.

"ಬಾ, ಬಾ, ಕಣ್ಣಾರೆ ನೋಡು" ಎಂದು ಟೀಚರು ಅವಳನ್ನು ಬಚ್ಚಲ ಬಾಗಿಲಿಗೇ ಕರೆತಂದು ನಿಲ್ಲಿಸಿದರು. ಮಗು ಟೀಚರ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಶಿಮ್ನಾ ಮೈಗೆಲ್ಲ ಎಣ್ಣೆ ಅರಿಸಿನ ಬಳಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಹಂಡೆಯಿಂದ ಆವಿ ಏಳುತ್ತಿತ್ತು. ನಾಲ್ಕು ಕಣ್ಣು ತನ್ನ ಮೇಲೆ ನೆಟ್ಟಿವೆ ಎಂದು ಗೊತ್ತಾಗಿ ಮಾಳುವಿಗೆ ಒಂದು ತರಹದ ಹುರುಪೇ ಬಂತು ಅನ್ನಿ. ಎರಡು ಬೆರಳು ಅದ್ದಿದಳು, ಹನಿ ಚಿಮುಕಿಸಿದಳು, ಅರೆಗಣ್ಣು ಮುಚ್ಚಿ ತಲೆಯಾಡಿಸಿದಳು. ನಾಟಕದವರೂ ಅಷ್ಟು ಚೆನ್ನಾಗಿ ಮಾಡಲಾರರು.

"ಹದ ಸರಿಯಾಗಿದೆ" ಅಂದಳು.

ಮೊದಲ ಚೊಂಬು ಸೊಂಟಕ್ಕೆ ಬಿತ್ತು. ಶಿಮ್ನಾ ಕೂತಲ್ಲೇ ಎಗರಿದಳು. "ಅಮ್ಮಾ! ಸುಡತ್ತೆ!"

"ಅಯ್ಯಯ್ಯಯ್ಯೋ, ನಾಜೂಕು ನೋಡು!" ಎಂದರು ಟೀಚರು. "ನಿನ್ನ ಹೆತ್ತಾಗ ಇದಕ್ಕಿಂತ ಬಿಸಿ ಹಾಕಿಸ್ಕೊಂಡಿದೀನಿ ಕಣೇ. ಕಮಕ್ ಕಿಮಕ್ ಅಂದಿಲ್ಲ."

ಎರಡನೆಯದು. "ಮಾಳುವಮ್ಮ, ನಿಜವಾಗ್ಲೂ ಸುಡತ್ತೆ!"

"ಈಗಿನೋರಿಗೆ ಮೊಬೈಲು ಬಿಸಿಯಾದ್ರೂ ಕೈ ಸುಡತ್ತೆ" ಎಂದು ಕಮಲಾಕ್ಷಿ ನಗೆ ಸೇರಿಸಿದಳು.

ಮಾಳುವಿಗೂ ನಗು ಬಂತು. "ಬಿಸಿ ಸೊಂಟಕ್ಕೆ ಇಳೀಬೇಕು ಮಗಳೇ. ಇವತ್ತು ನನ್ನ ಬೈಕೋ, ಅಜ್ಜಿಯಾದಾಗ ನೆನೆಸ್ಕೋತೀಯ" ಎಂದು ಮೂರನೆಯದನ್ನೂ ಸುರಿದಳು. ಶಿಮ್ನಾ ಮತ್ತೊಮ್ಮೆ "ಸುಡತ್ತೆ" ಅಂದಳು, ಈ ಸಲ ಸಣ್ಣಗೆ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಮಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ಬಾಗಿಲಲ್ಲಿದ್ದವರು ಮೆಚ್ಚಿ ತಲೆಯಾಡಿಸಿದರು. ಹಂಡೆ ಅರ್ಧ ಖಾಲಿಯಾಗುವವರೆಗೂ ಮಾಳು ಹುಯ್ಯುತ್ತಲೇ ಇದ್ದಳು. ಹೋಗುವಾಗ ಕಮಲಾಕ್ಷಿ, "ನಮ್ಮ ಸೊಸೆಗೂ ನೀವೇ. ಮಾತು ಕೊಟ್ಟ ಹಾಗೆ!" ಎಂದು ಹೇಳಿಯೇ ಹೋದಳು.

ಎಲ್ಲರೂ ಒಳಗೆ ಹೋದ ಮೇಲೆ ಮಾಳು ತಳದ ಎಲೆ ತೊಗಟೆ ತೆಗೆಯಲು ಹಂಡೆಗೆ ಬಗ್ಗಿದಳು. ತೋಳು ಮೊಣಕೈಯವರೆಗೂ ನೀರಿಗಿಳಿಯಿತು. ಇಳಿದದ್ದೇ ತಡ, ಚುರ್ರೆಂದು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ಹೊತ್ತು ಆರಿದ ಮೇಲೂ ಇಷ್ಟು ಬಿಸಿ! ಹಾಗಾದರೆ ಆಗ? ಓಡಿ ಹೋಗಿ ಹೇಳಬೇಕು ಎನ್ನಿಸಿತು. ಒಳಗಿನಿಂದ ಟೀಚರು ಯಾರಿಗೋ ಫೋನಿನಲ್ಲಿ, "ಕೈ ಅಂದ್ರೆ ಕೈ ಕಣ್ರೀ" ಅನ್ನುತ್ತಿರುವುದು ಕೇಳಿಸಿತು. ಮಾಳು ಹಂಡೆಯನ್ನು ಬೋರಲು ಹಾಕಿ, ಸೀಗೆಪುಡಿ ಹಾಕಿ ತೊಳೆಯುತ್ತ ಕೂತಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಸಂಜೆ ಶಿಮ್ನಾ ಕರೆದಳು. "ಮಾಳುವಮ್ಮ, ಬೆನ್ನ ಮೇಲೆ ಏನೋ ಉರಿ. ಸ್ವಲ್ಪ ನೋಡ್ತೀರಾ?"

ರವಿಕೆ ಎತ್ತಿದರೆ ಸೊಂಟದ ಮೇಲೆ ಅಂಗೈಯಗಲ ಕೆಂಪು, ಅದರ ಮಧ್ಯೆ ನಾಲ್ಕು ನೀರುಗುಳ್ಳೆ, ಒಂದು ಹುಣಸೆ ಬೀಜದಷ್ಟು ದೊಡ್ಡದು. ಅಷ್ಟರಲ್ಲಿ ಟೀಚರು ಬಂದು ಬಗ್ಗಿ ನೋಡಿದರು.

"ಏನಿದು ಮಾಳುವಮ್ಮ? ಬೊಬ್ಬೆ ಎದ್ದಿದೆಯಲ್ಲ?"

ಅದು ಎಲ್ಲಿಂದ ಬಂತೋ, ಸುಳ್ಳು ನಾಲಗೆಯ ತುದಿಯಲ್ಲೇ ಕೂತಿದ್ದ ಹಾಗೆ ಹೊರಬಂತು. "ಅದಾ? ದುರ್ನೀರು ಟೀಚರ್. ಹೆತ್ತ ಮೈಯಲ್ಲಿ ನಿಂತಿರತ್ತೆ. ಎಲೆಯ ಕಾವಿಗೆ ಹೊರಗೆ ಬರತ್ತೆ. ಒಳ್ಳೇದೇ ಆಯ್ತು."

ನಲವತ್ತು ವರ್ಷದಲ್ಲಿ ಅಂಥ ದುರ್ನೀರನ್ನು ಅವಳು ಕಂಡವಳೂ ಅಲ್ಲ, ಕೇಳಿದವಳೂ ಅಲ್ಲ. ಆದರೆ ಟೀಚರ ಮುಖ ಅರಳಿತು. "ನೋಡಿದ್ಯಾ ಶಿಮ್ನಾ? ಸುಡತ್ತೆ ಸುಡತ್ತೆ ಅಂತ ಊರು ಒಂದು ಮಾಡಿದ್ಯಲ್ಲ. ಆಸ್ಪತ್ರೆಯೋರಿಗೆ ಗೊತ್ತಾಗತ್ತಾ ಇದೆಲ್ಲ?"

"ನಂಗೇನು ಗೊತ್ತು ಅಮ್ಮ" ಎಂದಳು ಶಿಮ್ನಾ. ಆಮೇಲೆ, "ಸಾರಿ ಮಾಳುವಮ್ಮ, ಬೆಳಿಗ್ಗೆ ಸುಮ್ನೆ ಕೂಗಾಡ್ದೆ" ಎಂದಳು.

ಆ ಸಾರಿ ಕೇಳಿದ್ದೇ ಮಾಳು ಎದ್ದಳು. ಹಿತ್ತಲಿಂದ ಲೋಳೆಸರ ಕೊಯ್ದು ತಂದು ಗುಳ್ಳೆಗಳ ಮೇಲೆ ಹಚ್ಚಿದಳು. ಹಚ್ಚುವಾಗಲೂ ಬೆರಳಿಗೆ ಏನೂ ತಿಳಿಯಲಿಲ್ಲ, ಲೋಳೆಯ ತಂಪೂ ಇಲ್ಲ, ಹುಡುಗಿಯ ಮೈಯ ಉರಿಯೂ ಇಲ್ಲ. ಶಿಮ್ನಾಳಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಮಗುವಿಗೆ ಹಾಲೂಡಿಸಲು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುವಾಗ ತುಟಿ ಕಚ್ಚುತ್ತಿದ್ದಳು. ಕಚ್ಚಿದ್ದು ಮಾಳುವಿಗೆ ಕಾಣಬಾರದೆಂದು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಮಾಳು ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಬಿಟ್ಟೆದ್ದಳು. ತನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡಳು. ನಾಳೆ ಹೇಗಾದರೂ ನೀರು ತಪ್ಪಿಸಿದರಾಯಿತು, ನಾಲ್ಕು ದಿನದಲ್ಲಿ ಗುಳ್ಳೆ ಮಾಯುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದೂ ಲೆಕ್ಕ ಹಾಕಿದಳು. ನಾಚಿಕೆ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಅಂತೀರಾ? ಅವತ್ತು ಅದು ಮಾಳುವನ್ನು ಇನ್ನಷ್ಟು ಜಾಣೆಯನ್ನಾಗಿ ಮಾಡಿತು, ಅಷ್ಟೇ.

ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಬಚ್ಚಲ ಒಲೆ ಧಗಧಗ ಉರಿಯುತ್ತಿತ್ತು. ಟೀಚರು ಕೈಯಲ್ಲಿ ಊದುಗೊಳವೆ ಹಿಡಿದು, ಮುಖವೆಲ್ಲ ಬೆವರು, ಖುಷಿಯೋ ಖುಷಿ.

"ಇವತ್ತು ಇನ್ನೊಂದು ಹಿಡಿ ಜಾಸ್ತಿ ಎಲೆ ಹಾಕಿದೀನಿ. ನೀರೂ ನಿನ್ನೆಗಿಂತ ಬಿಸಿ ಇರ್ಲಿ ಮಾಳುವಮ್ಮ. ಆ ಮಿಕ್ಕ ದುರ್ನೀರೂ ಹೋಗ್ಬಿಡ್ಲಿ."

ಮಾಳು ಕಂಬ ಹಿಡಿದು ನಿಂತಳು. "ಇವತ್ತು ನೀರು ಬೇಡ ಟೀಚರ್. ಅಮಾವಾಸ್ಯೆ."

"ಅಮಾವಾಸ್ಯೆ ಆಗಿ ವಾರ ಆಯ್ತಲ್ರೀ!"

"ನಂಗೆ ಯಾಕೋ ಮೈ ಸರಿಯಿಲ್ಲ. ತಲೆ ತಿರುಗ್ತಾ ಇದೆ."

"ಅಯ್ಯೋ, ಹಾಗಾದ್ರೆ ಮೊದ್ಲೇ ಹೇಳ್ಬಾರ್ದಾ? ನೀವು ಆ ಸ್ಟೂಲ್ ಮೇಲೆ ಕೂತ್ಕೊಂಡು ಹೇಳಿ ಕೊಡಿ, ನಾನೇ ಹಾಕ್ತೀನಿ. ನಿಮ್ಮ ಕೈ ಅಲ್ಲದಿದ್ರೂ ನಿಮ್ಮ ಮಾತು ಇದೆಯಲ್ಲ."

ತಪ್ಪಿಸಿಕೊಳ್ಳುವ ಎಲ್ಲ ಬಾಗಿಲೂ ಮುಚ್ಚಿತು. ಟೀಚರು ಮಗಳನ್ನು ಕೂಗಿದರು. ಶಿಮ್ನಾ ಗೋಡೆ ಹಿಡಿದುಕೊಂಡು ಬಂದು, ಮಣೆಯ ಮೇಲೆ ಕೂತು, ಬೆನ್ನ ಮೇಲಿನ ಬಟ್ಟೆ ಜಾರಿಸಿದಳು. ಹೊರಳಾಟದಲ್ಲಿ ದೊಡ್ಡ ಗುಳ್ಳೆ ಒಡೆದಿತ್ತು. ಚರ್ಮ ಸುಲಿದ ಕಡೆ ಹಸಿ ಹಸಿ ಕೆಂಪು.

"ಮಾಳುವಮ್ಮ, ಯಾರಾದ್ರೂ ಹಾಕಿ" ಎಂದಳು. "ಇವತ್ತು ಕೂಗಲ್ಲ." ಹೇಳಿ, ಟವೆಲಿನ ಅಂಚನ್ನು ಮುದ್ದೆ ಮಾಡಿ ಬಾಯಲ್ಲಿ ಕಚ್ಚಿಕೊಂಡಳು.

ಟೀಚರು ಚೊಂಬು ತುಂಬಿ ಎತ್ತಿದರು. ಮಾಳು ಎದ್ದು ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

"ಹಾಕ್ಬೇಡಿ. ಅದು ದುರ್ನೀರಲ್ಲ. ಸುಟ್ಟ ಗಾಯ. ನಾನು ಸುಟ್ಟಿದ್ದು."

ಟೀಚರಿಗೆ ಅರ್ಥವಾಗಲಿಲ್ಲ. "ಏನಂತೀರಿ?"

"ನನ್ನ ಕೈಗೆ ಬಿಸಿ ಗೊತ್ತಾಗಲ್ಲ. ಎರಡು ವರ್ಷ ಆಯ್ತು."

"ತಮಾಷೆ ಮಾಡ್ತೀರಾ?"

ಮಾಳು ಹಂಡೆಗೆ ನಾಲ್ಕೂ ಬೆರಳು ಇಳಿಸಿ ಹಾಗೇ ನಿಂತಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನೋಡಿ ಟೀಚರ್. ಬಿಸಿ ಇದ್ಯಾ, ತಣ್ಣಗಿದ್ಯಾ, ನೀವೇ ಹೇಳ್ಬೇಕು." ಟೀಚರು ಆ ಕೈಯನ್ನು ಹೊರಗೆಳೆದರು. ಬೆರಳು ಕೆಂಪಗೆ ಬೆಂದಿತ್ತು. ಆಮೇಲೆ ತಮ್ಮ ಮೊಣಕೈಯನ್ನು ತಾವೇ ನೀರಿಗೆ ತಾಗಿಸಿದರು. ತಾಗಿಸಿದ್ದೇ "ಅಮ್ಮಾ!" ಎಂದು ಕೂಗಿ ಹಿಂದಕ್ಕೆ ಹೋದರು. ಚೊಂಬು ಬಿದ್ದು ನೀರೆಲ್ಲ ಮೋರಿಗೆ ಹರಿಯಿತು.

"ಮೊಣಕೈ ಅದ್ದಿ ನೋಡೋಕೆ ನಿಮಗೇನು ಧಾಡಿಯಾಗಿತ್ತು?" ಎಂದು ಟೀಚರು ಕೂಗಿದರು.

"ನೀವಿಬ್ರೂ ನೋಡ್ತಾ ಇದ್ರಿ. ನಾಚಿಕೆಯಾಯ್ತು."

"ನಾಚಿಕೆ! ನಾಚಿಕೆಗೆ ನನ್ನ ಮಗಳ ಬೆನ್ನು ಸುಟ್ರಾ? ಆಮೇಲೆ ದುರ್ನೀರು ಅಂದ್ರಲ್ಲ? ಬಾಯಿ ತುಂಬ ಅಂದ್ರಲ್ಲ? ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿದ್ನಲ್ಲ!" ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮಗಳ ಕಡೆ ತಿರುಗಿದರು. "ನೀನಾದ್ರೂ ಬಾಯಿ ಬಿಡ್ಬಾರ್ದಾ? ಇಷ್ಟು ಸುಟ್ಟಿದೆ, ಮೂಗಿಯ ಹಾಗೆ ಕೂತಿದ್ದೆಯಲ್ಲ, ಯಾಕೆ ಹೇಳ್ಲಿಲ್ಲ?"

ಶಿಮ್ನಾ ಬಾಯಿಂದ ಟವೆಲು ತೆಗೆದಳು. "ಹೇಳ್ದೆನಲ್ಲಮ್ಮ" ಎಂದಳು. "ಮೂರು ಸಲ ಹೇಳ್ದೆ. ನೀವೆಲ್ಲ ನಕ್ರಿ."

ಸಿಟ್ಟಿನ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೇಳಿದ್ದು ಹಾಜರಿ ಕೂಗಿದಷ್ಟು ಸಾದಾ ದನಿಯಲ್ಲಿ. ಟೀಚರು ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಳಗೆ ಮಗು ಎದ್ದು ಅಳತೊಡಗಿತು. ಯಾರೂ ಅಲುಗಲಿಲ್ಲ.

"ಹುಯ್ಯೋವಾಗ ನಿಮಗೆ ಗೊತ್ತಿತ್ತಾ ಮಾಳುವಮ್ಮ?" ಎಂದು ಶಿಮ್ನಾ ಕೇಳಿದಳು.

"ಹುಯ್ಯೋವಾಗ ಗೊತ್ತಿರ್ಲಿಲ್ಲ ಮಗಳೇ." ಮಾಳು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆಮೇಲೆ ಹಂಡೆ ತೊಳೆಯೋವಾಗ ಗೊತ್ತಾಯ್ತು. ಸಂಜೆ ನೀನು ಸಾರಿ ಅಂದಾಗ ಚೆನ್ನಾಗಿ ಗೊತ್ತಿತ್ತು."

ಶಿಮ್ನಾ ಬಟ್ಟೆ ಮೇಲೆಳೆದುಕೊಂಡಳು. "ನನಗಿಂತ ಮುಂಚೆ ಯಾರ ಮನೇಲಿದ್ರಿ?"

"ಕೂಟ್ಟನಾಡಲ್ಲಿ, ಒಬ್ಬ ಬಾಣಂತಿ ಮನೇಲಿ."

"ಅವಳೂ ಸುಡತ್ತೆ ಅಂದಿದ್ಲಾ?"

ಅಂದಿದ್ದಳು. ತೆಳ್ಳಗಿನ ಹುಡುಗಿ, ಅತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದಳು, ದಿನಾ ನೀರಿನ ಹೊತ್ತಿಗೆ ಅಳು. ಅಳುಬುರುಕಿ ಎಂದು ಮಾಳುವೇ ಹೆಸರಿಟ್ಟು ಮನೆಮಂದಿಯನ್ನೆಲ್ಲ ನಗಿಸಿದ್ದಳು. ಅದಕ್ಕೂ ಮುಂಚೆ ಇನ್ನೊಂದು ಮನೆ. ಕೈ ಚೆನ್ನಾಗಿದ್ದ ಕಾಲದಲ್ಲಿ ಕೂಗಿದವರೆಷ್ಟು ಜನ, ಅವರಿಗೂ ತಾನು ನಕ್ಕೇ ಉತ್ತರ ಕೊಟ್ಟಿದ್ದಳಲ್ಲ? ಸುಡುತ್ತದೆ ಎಂದವರಲ್ಲಿ ಯಾರಿಗೆ ನಿಜವಾಗಿ ಸುಟ್ಟಿತ್ತು? ಅವಳು ಒಬ್ಬರ ಬೆನ್ನನ್ನೂ ಮರುದಿನ ಆ ದೃಷ್ಟಿಯಿಂದ ನೋಡಿದವಳಲ್ಲ. ಮಾಳುವಿಗೆ ಆ ಬಚ್ಚಲಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ತಲೆ ಮಾತ್ರ ಆಡಿಸಿದಳು. ಹೌದು, ಅಂದಿದ್ದಳು.

"ನೀವು ಹೋಗಿ" ಎಂದರು ಟೀಚರು, ಅವಳ ಮುಖ ನೋಡದೆ. "ದಯವಿಟ್ಟು ಈಗ್ಲೇ ಹೋಗಿ. ನಾನು ಇವಳನ್ನ ಡಾಕ್ಟರ ಹತ್ರ ಕರ್ಕೊಂಡ್ ಹೋಗ್ಬೇಕು."

ಮಾಳು ಬಟ್ಟೆಯ ಚೀಲ ತುಂಬಿಕೊಂಡಳು. ಲೇಹ್ಯದ ಭರಣಿಯ ಮುಚ್ಚಳ ಬಿಗಿ ಮಾಡಿ, ಇರುವೆ ಹತ್ತದ ಹಾಗೆ ನೀರಿನ ತಟ್ಟೆಯಲ್ಲಿಟ್ಟಳು. ಇಪ್ಪತ್ತೆಂಟನೇ ದಿನ ಮಗುವಿನ ಸೊಂಟಕ್ಕೆ ಕಟ್ಟಲೆಂದು ಹೊಸೆದಿಟ್ಟಿದ್ದ ಕರಿದಾರವನ್ನು ಚೀಲದಿಂದ ತೆಗೆದು ತೊಟ್ಟಿಲ ಬಳಿ ಇಡಲು ಹೋದವಳು, ಇಡಬೇಕೋ ಬೇಡವೋ ತಿಳಿಯದೆ, ಮತ್ತೆ ಚೀಲಕ್ಕೇ ಹಾಕಿಕೊಂಡಳು.

ಬಸ್ಸಿಗೆ ಹೋಗುವ ದಾರಿಯಲ್ಲೇ ಕಮಲಾಕ್ಷಿಯ ಮನೆ. ತಲೆ ತಗ್ಗಿಸಿ ದಾಟಿ ಹೋಗಬೇಕೆಂದಿದ್ದಳು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಕಮಲಾಕ್ಷಿ ಕಂಡುಬಿಟ್ಟಳು.

"ಅಯ್ಯೋ ಮಾಳುವಮ್ಮ, ಚೀಲ ಹಿಡ್ಕೊಂಡು ಎಲ್ಲಿಗೆ? ನಮ್ಮ ಸೊಸೆಗೆ ದಿನ ಹೇಳಿದ್ರು, ಮುಂದಿನ ತಿಂಗಳು ಹತ್ತನೇ ತಾರೀಕು. ಬರ್ತೀರಲ್ಲ?"

ಸೊಸೆ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಪೇರಳೆ ತಿನ್ನುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಮಾಳುವನ್ನು ನೋಡಿ ನಕ್ಕಳು.

"ನಾನು ಬರಲ್ಲ" ಎಂದಳು ಮಾಳು. ಗೇಟಿನ ಆಚೆಯೇ ನಿಂತು, ಒಂದೇ ಉಸಿರಿಗೆ ಹೇಳಿದಳು. "ನನ್ನ ಕೈಗೆ ಬಿಸಿ ತಿಳಿಯಲ್ಲ. ನಿನ್ನೆ ನೀವು ನೋಡ್ತಿದ್ದಾಗ್ಲೇ ಶಿಮ್ನಾನ ಬೆನ್ನು ಸುಟ್ಟಿದೀನಿ. ಬೇರೆಯವ್ರನ್ನ ಕರೀರಿ. ಯಾರನ್ನ ಕರೆದ್ರೂ, ಹುಡುಗಿ ಸುಡತ್ತೆ ಅಂದ್ರೆ ನಗಬೇಡಿ."

ಕಮಲಾಕ್ಷಿ ಒದ್ದೆ ಲುಂಗಿಯನ್ನು ಕೊಡವಿ ತಂತಿಯ ಮೇಲೆ ಹಾಕಿದಳು. ಹಾಕಿ, ನಕ್ಕಳು.

"ಬಿಡಿ ಮಾಳುವಮ್ಮ! ಟೀಚರಿಗೂ ನಿಮಗೂ ಏನೋ ಮುನಿಸಾಗಿದೆ, ನಂಗೆ ಗೊತ್ತಾಗಲ್ವಾ? ಉಕ್ಕಿನ ಕೈಗೆ ಬಿಸಿ ತಿಳಿಯಲ್ವಂತೆ! ಈ ಕಾಲದ ಹುಡುಗೀರು ಬೆಚ್ಚಗಿದ್ರೂ ಸುಡತ್ತೆ ಅಂತಾರೆ. ಇವಳೂ ನೋಡಿ, ಈಗ್ಲೇ ಹೆದ್ರಿದಾಳೆ."

ಸೊಸೆ ಪೇರಳೆ ಅಗಿಯುವುದನ್ನು ನಿಲ್ಲಿಸಿ ಮಾಳುವಿನ ಕೈಯನ್ನೇ ನೋಡುತ್ತಿದ್ದಳು. ಬೆರಳಿನ ಮೇಲೆ ಬೆಳಗಿನ ಬೊಬ್ಬೆ ಏಳತೊಡಗಿತ್ತು. ಬಸ್ಸಿನ ಹಾರನ್ ಕೇಳಿಸಿತು. ಮಾಳು ಗೇಟಿನ ಚಿಲಕ ತೆಗೆದು ಒಳಗೆ ಹೋಗಿ ಆ ಹುಡುಗಿಯ ಪಕ್ಕದಲ್ಲಿ, ಮೆಟ್ಟಿಲ ಮೇಲೆ ಕೂತಳು. ಇನ್ನು ಎಲ್ಲವನ್ನೂ ಇವಳಿಗೇ ಮೊದಲಿಂದ ಹೇಳಬೇಕು.